ದುರ್ಯೋಧನನ ಮನೆಯಲ್ಲಿ ಎರಡು ದಿನ

“ಅಕ್ಕಾ, ಈ ಸಲ ದುರ್ಯೋಧನ ನಂದೇ ಕಣಕ್ಕ” ಎಂದು ತಮ್ಮ ಫೋನಿನಲ್ಲಿ ಹೇಳಿದಾಗ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ದುರ್ಯೋಧನ ಆಗುವುದಕ್ಕೆ ಎಷ್ಟು ದುಡ್ಡು ಕಟ್ಟಬೇಕೆಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಸಂಗತಿ.

ಪಟ್ಟಣದ ಓದುಗರಿಗೆ ಇದು ವಿಚಿತ್ರವೆನಿಸೀತು. ಪಾತ್ರ ಮಾಡಿದವನಿಗೆ ದುಡ್ಡು ಕೊಡುವುದು ಲೋಕರೂಢಿ. ನಮ್ಮ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟಿದರೆ ಪಾತ್ರಧಾರಿಯೇ ದುಡ್ಡು ಕೊಡಬೇಕು. ಸೀನರಿಯವರಿಗೆ, ಡ್ರೆಸ್ಸಿನವರಿಗೆ, ಮೈಕಿನವರಿಗೆ, ತಿಂಗಳುಗಟ್ಟಲೆ ಊರಿಗೆ ಬಂದು ಹಾಡು ಹೇಳಿಕೊಡುವ ಹಾರ್ಮೋನಿಯಂ ಮೇಷ್ಟ್ರಿಗೆ, ಪಟ್ಟಣದಿಂದ ಕರೆಸುವ ನಟಿಯರಿಗೆ, ಎಲ್ಲರಿಗೂ ಈ ದುಡ್ಡಿನಿಂದಲೇ ಸಲ್ಲಬೇಕು. ಸೈನಿಕನಿಗೆ ಕಡಿಮೆ, ಸಾತ್ಯಕಿಗೆ ಇನ್ನಷ್ಟು, ಕೃಷ್ಣನಿಗೂ ದುರ್ಯೋಧನನಿಗೂ ಎಲ್ಲಕ್ಕಿಂತ ಹೆಚ್ಚು. ಪೈಪೋಟಿ ಜಾಸ್ತಿಯಾದರೆ ಪಾತ್ರವನ್ನೇ ಪಾಲು ಹಾಕುತ್ತಾರೆ. ಅರ್ಧ ರಾತ್ರಿಯವರೆಗೆ ಒಬ್ಬ ದುರ್ಯೋಧನ, ಆಮೇಲೆ ಇನ್ನೊಬ್ಬ. ಹೊಲವನ್ನೇ ಪಾಲು ಹಾಕಿಕೊಂಡವರಿಗೆ ಇದೇನು ಹೊಸದಲ್ಲ ಬಿಡಿ. ಧರ್ಮರಾಯನಾಗಲು ಮಾತ್ರ ಯಾರೂ ಹೊಡೆದಾಡುವುದಿಲ್ಲ.

ತಮ್ಮ ಕಟ್ಟಿದ್ದು ಹಿಂದಿನ ಬೆಳೆಯ ಗೂಡಿನ ದುಡ್ಡು. ರಾಮನಗರದ ಗೂಡಿನ ಮಾರುಕಟ್ಟೆಯಿಂದ ಬಂದ ಹಣವನ್ನು ಹುಳುಮನೆಯ ಸೋರುವ ಮಾಡಿಗೆಂದು ಅವನ ಹೆಂಡತಿ ಎತ್ತಿಟ್ಟಿದ್ದಳಂತೆ. ಸೊಪ್ಪು ಕೊಯ್ದವಳು ಅವಳು, ಹೆಚ್ಚಿ ಹಾಕಿದವಳು ಅವಳು, ರಾತ್ರಿ ಎರಡು ಗಂಟೆಗೆ ಎದ್ದು ಮೇವು ಕೊಟ್ಟವಳು ಅವಳು. ಅಕ್ಕನಾದವಳು ಒಂದು ಮಾತು ಬೈಯಬೇಕೆಂದುಕೊಂಡೇ ಶನಿವಾರಕ್ಕೆ ರಜೆ ಹಾಕಿ, ಶುಕ್ರವಾರ ಶಾಲೆ ಬಿಟ್ಟ ಮೇಲೆ ಕನಕಪುರದಲ್ಲಿ ಬಸ್ಸು ಹತ್ತಿದೆ. ಊರು ಚನ್ನಪಟ್ಟಣದಿಂದ ಕಣ್ವ ಜಲಾಶಯದ ಕಡೆಗೆ.

ಮನೆ ಮುಟ್ಟಿದಾಗ ತಮ್ಮ ಲುಂಗಿ ಎತ್ತಿ ಕಟ್ಟಿ ಜಗಲಿಯ ಮೇಲೆ ನಿಂತು ಸಂಧಾನದ ಸೀನಿನ ಮಾತು ಒಪ್ಪಿಸುತ್ತಿದ್ದ. ಗದೆಯ ಬದಲು ಕೈಯಲ್ಲಿ ಪೊರಕೆ. ಕೃಷ್ಣ ಸಂಧಾನಕ್ಕೆ ಬಂದಾಗ ದುರ್ಯೋಧನ ಹೇಳುವ ಉದ್ದನೆಯ ಮಾತು ಅದು. ನಡುವೆ ಒಂದು ಕಡೆ ನಿಂತುಬಿಟ್ಟ. ತಲೆ ಕೆರೆದುಕೊಂಡ. ಆಗ ಹುಳುಮನೆಯ ಒಳಗಿನಿಂದ, ಸೊಪ್ಪಿನ ಸರಪರ ಸದ್ದಿನ ನಡುವೆ, ಮುಂದಿನ ಮಾತು ಬಂತು. ತಮ್ಮನ ಹೆಂಡತಿ ಮುಖವನ್ನೂ ಹೊರಗೆ ಹಾಕದೆ ಅದನ್ನು ಎತ್ತಿಕೊಟ್ಟಳು. ಇವನು ಅಲ್ಲಿಂದ ಹಿಡಿದು ಮುಂದುವರಿಸಿದ.

“ಇವಳಿಗೆ ಹೇಗೋ ಬರುತ್ತೆ?” ಎಂದೆ.

“ನಾಲ್ಕು ತಿಂಗ್ಳಿಂದ ಕಿವಿ ಮೇಲೆ ಬೀಳ್ತಾ ಅದಲ್ಲಕ್ಕ” ಎಂದ, ದೊಡ್ಡ ವಿಷಯವೇ ಅಲ್ಲವೆಂಬಂತೆ. ಬೈಯಬೇಕೆಂದು ಬಂದ ಮಾತು ನನ್ನ ಬಾಯಲ್ಲೇ ಉಳಿಯಿತು.

ರಾತ್ರಿ ಊಟಕ್ಕೆ ಕೂತಾಗ ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಮ್ಮನ ಮಗಳು, ಅಪ್ಪನನ್ನು ರೇಗಿಸಲೆಂದೋ ಏನೋ, ಮೊಬೈಲಿನಲ್ಲಿ ಕೆಲವು ಚಿತ್ರ ತೋರಿಸಿದಳು. ಗ್ರೀಸ್ ದೇಶದ ಮ್ಯಾರಥಾನ್ ಬಯಲು. ಕ್ರಿಸ್ತಪೂರ್ವ 490ರಲ್ಲಿ ಅಥೆನ್ಸಿನವರು ಪರ್ಷಿಯದ ಸೈನ್ಯವನ್ನು ಸೋಲಿಸಿದ ಜಾಗ. 2011ರಲ್ಲಿ ಬೇರೆ ಬೇರೆ ದೇಶಗಳ ಉತ್ಸಾಹಿಗಳು ಅಲ್ಲಿ ಸೇರಿ ಆ ಯುದ್ಧವನ್ನು ಮತ್ತೆ ಆಡಿ ತೋರಿಸಿದ್ದರಂತೆ. ಇಂಥ ಗುಂಪುಗಳವರು ರಜೆಯ ದಿನಗಳಲ್ಲಿ ಡೇರೆ ಹಾಕಿಕೊಂಡು ಹಳೆಯ ಗ್ರೀಕರ ಹಾಗೆ ಉಡುವುದು, ಉಣ್ಣುವುದು, ಕವಾಯತು ಮಾಡುವುದು. ನಾರುಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ ಎದೆಗವಚ ಮಾಡಿಕೊಳ್ಳುತ್ತಾರೆ. ಗುರಾಣಿಯೇ ಏಳೆಂಟು ಕಿಲೋ. ಎಲ್ಲ ಸ್ವಂತ ಖರ್ಚು.

“ಅವ್ರಿಗೂ ಹುಚ್ಚಾ?” ಎಂದು ತಮ್ಮನ ಹೆಂಡತಿ ಕೇಳಿದ್ದಕ್ಕೆ ಮನೆಯೆಲ್ಲ ನಕ್ಕಿತು. ತಮ್ಮ ಮಾತ್ರ ನಗದೆ, ಆ ಶಿರಸ್ತ್ರಾಣದ ಚಿತ್ರವನ್ನು ದೊಡ್ಡದು ಮಾಡಿಸಿ ನೋಡಿದ.

ನಾನು ಎಂಟನೇ ತರಗತಿಗೆ ಗ್ರೀಕರ ಪಾಠ ಮಾಡುವವಳು. ಅಷ್ಟಕ್ಕೇ ಬಿಡುವುದು ಹೇಗೆ? ಅಥೆನ್ಸಿನಲ್ಲೂ ನಾಟಕದ ಮೇಳದ ಖರ್ಚನ್ನು ಊರಿನ ಒಬ್ಬ ಸಾಹುಕಾರ ಹೊರಬೇಕಿತ್ತು ಎಂದೆ. ಹೆಣ್ಣು ಪಾತ್ರಗಳನ್ನೂ ಮುಖವಾಡ ಹಾಕಿಕೊಂಡು ಗಂಡಸರೇ ಮಾಡುತ್ತಿದ್ದರು ಎಂದೆ. ಮ್ಯಾರಥಾನಿನಲ್ಲಿ ಸ್ವತಃ ಕಾದಾಡಿದ್ದ ಈಸ್ಕಿಲಸ್ ಎಂಬ ಕವಿ ಕ್ರಿಸ್ತಪೂರ್ವ 472ರಲ್ಲಿ ಒಂದು ನಾಟಕ ಆಡಿಸಿದ. ಗೆದ್ದವರ ಜಯಕಾರವಲ್ಲ, ಸೋತ ಪರ್ಷಿಯದವರ ಮನೆಯ ಗೋಳು. ಮಗ ಸೋತು ಬರುವುದನ್ನು ಕಾಯುವ ರಾಜಮಾತೆಯೇ ಅದರಲ್ಲಿ ದೊಡ್ಡ ಪಾತ್ರ. “ನೋಡು, ಅವರಿಗೂ ಶತ್ರುವಿನ ಪಾತ್ರವೇ ಬೇಕಾಗಿತ್ತು, ನಿನ್ನ ಹಾಗೆ” ಎಂದದ್ದಕ್ಕೆ ತಮ್ಮ ಮೀಸೆ ತಿರುವಿದ.

ಹೇಳದೆ ಬಿಟ್ಟದ್ದೊಂದಿತ್ತು. ಈ ನಾಟಕವನ್ನು ಬಿಎಂಶ್ರೀಯವರು 1935ರಲ್ಲಿ ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಅದಕ್ಕೂ ಮುಂಚೆ, 1929ರಲ್ಲಿ, ಸೊಫೊಕ್ಲಿಸನ ಏಜಾಕ್ಸನನ್ನು ನಮ್ಮ ಕುರುಕ್ಷೇತ್ರಕ್ಕೇ ಕರೆತಂದು ‘ಅಶ್ವತ್ಥಾಮನ್’ ಬರೆದಿದ್ದರು. ನಾನು ಬಿ.ಎ. ಓದುವಾಗ ಕಾಲೇಜಿನಲ್ಲಿ ‘ಪಾರಸಿಕರು’ ಆಡಿಸಲು ಹೊರಟು ರಾಜಮಾತೆಯ ಪಾತ್ರಕ್ಕೆ ನನ್ನನ್ನು ಆರಿಸಿದ್ದರು. ಮಾತೆಲ್ಲ ಬಾಯಿಪಾಠವಾಗಿತ್ತು. ಅಪ್ಪ ಒಂದೇ ಮಾತಿನಲ್ಲಿ ಬೇಡವೆಂದರು. ಗಂಡು ಹುಡುಗರೊಂದಿಗೆ ವೇದಿಕೆ ಹತ್ತಿದ ಹುಡುಗಿಗೆ ಸಂಬಂಧ ಬರುವುದಿಲ್ಲವೆಂಬ ಭಯ. ಅದೇ ಅಪ್ಪ ತಮ್ಮನಿಗೆ ಹನ್ನೆರಡು ವರ್ಷವಾಗಿದ್ದಾಗ ಅಭಿಮನ್ಯುವಿನ ವೇಷಕ್ಕೆ ಸಾಲ ಮಾಡಿ ದುಡ್ಡು ಕಟ್ಟಿದ್ದರು.

ಶನಿವಾರ ಮಧ್ಯಾಹ್ನ ಬಸ್ಸಿನಲ್ಲಿ ಮೂವರು ನಟಿಯರು ಬಂದಿಳಿದರು. ನಲವತ್ತರ ಅಂಚಿನಲ್ಲಿದ್ದ ಒಬ್ಬಾಕೆಯನ್ನು ನಮ್ಮ ಮನೆಯಲ್ಲಿ ಇಳಿಸಿದರು. ಅವತ್ತಿನ ರಾತ್ರಿ ಆಕೆ ಮೊದಲು ದ್ರೌಪದಿ, ಆಮೇಲೆ ಕುಂತಿ, ಬೆಳಗಿನ ಜಾವಕ್ಕೆ ಗಾಂಧಾರಿ. ಒಂದೇ ಚೀಲದಲ್ಲಿ ಮೂವರ ಸೀರೆ.

ಮುಖ ತೊಳೆದು, ಪೌಡರು ಹಾಕಿಕೊಂಡು, ಹುಳ ನೋಡುವ ಆಸೆಯಿಂದ ಆಕೆ ಹುಳುಮನೆಯ ಬಾಗಿಲಿಗೆ ಹೋದಳು. “ಬರಬ್ಯಾಡಿ, ಅಲ್ಲೇ ನಿಂತ್ಕಳಿ!” ಎಂದು ತಮ್ಮನ ಹೆಂಡತಿ ಒಳಗಿನಿಂದ ಕೂಗಿಬಿಟ್ಟಳು. ಆಕೆಯ ಮುಖ ಒಂದು ಕ್ಷಣ ಬಾಡಿತು. ಏನೂ ಅನ್ನದೆ ತಿರುಗಿ ಬಂದು ಜಗಲಿಯ ತುದಿಯಲ್ಲಿ ಕೂತಳು. “ಪರವಾಗಿಲ್ಲ ಮೇಡಂ, ಅಭ್ಯಾಸ ಆಗಿದೆ. ಕೆಲವು ಮನೇಲಿ ಲೋಟಾನೂ ಬೇರೆ ಇಡ್ತಾರೆ” ಎಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಷ್ಟರಲ್ಲಿ ಇವಳು ಕೈಯಲ್ಲಿ ಸೊಪ್ಪು ಹಿಡಿದು ಓಡಿ ಬಂದಳು. “ಅಯ್ಯೋ, ಅದಕ್ಕಲ್ಲ ಕಣವ್ವ! ಪೌಡರ್ ವಾಸ್ನೆ ಹುಳಕ್ಕಾಗಕಿಲ್ಲ. ಕರೇ ನೀರಲ್ಲಿ ಮುಖ ತೊಳ್ಕೊಂಡ್ ಬಾ, ನೀನೇ ಮೇವು ಹಾಕೀವಂತೆ.”

ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹೊಟ್ಟೆ ದೊಡ್ಡದು. ಎಷ್ಟು ಹಾಕಿದರೂ ಸಾಲದು. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಮೇಯುವಾಗ ಹಂಚಿನ ಮೇಲೆ ಜಿಟಿಜಿಟಿ ಮಳೆ ಬಂದಂತೆ ಸದ್ದು. ಆ ಸದ್ದಿನಲ್ಲಿ ನಾವು ಮೂವರು ಮೇವು ಹಾಕುತ್ತಾ ಮಾತಾಡಿದೆವು. ಆಕೆ ಮೈಸೂರಿನ ಆರ್. ನಾಗರತ್ನಮ್ಮನವರ ವಿಷಯ ತೆಗೆದಳು. 1958ರಲ್ಲಿ ಬರೀ ಹೆಂಗಸರದ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿದವರು. ಕಂಸ, ರಾವಣ, ಭೀಮ ಎಲ್ಲ ಅವರೇ ಮಾಡುತ್ತಿದ್ದರು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು.

“ಹೆಂಗ್ಸು ಭೀಮನಾ?” ತಮ್ಮನ ಹೆಂಡತಿಯ ಕೈಯ ಸೊಪ್ಪು ಕೈಯಲ್ಲೇ ನಿಂತಿತು. “ಗದೆ ಯತ್ಕೊಂಡು?”

“ಗದೆ ಎತ್ಕೊಂಡೇ.”

ಆಮೇಲೆ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ನಾಟಕ ಒಂಬತ್ತಕ್ಕೆಂದು ಹತ್ತೂವರೆಗೆ ಸುರುವಾಯಿತು. ನಡುನಡುವೆ ಹಾರ ಹಾಕುವವರು, ನೋಟು ಚುಚ್ಚುವವರು, ಮೈಕಿನಲ್ಲಿ ಅವರ ಹೆಸರು. ಜಾನಪದ ಲೋಕಕ್ಕೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಹಳೆಯ ವೇಷಭೂಷಣದ ಮುಂದೆ ನಿಲ್ಲಿಸಿ ಗಂಭೀರವಾಗಿ ವಿವರಿಸುವ ನಾನು, ಇಲ್ಲಿ ರಟ್ಟಿನ ಕಿರೀಟಕ್ಕೆ ಚಿನ್ನದ ಕಾಗದ ಅಂಟಿಸಿದ್ದನ್ನು ಕಂಡು ಮೊದಮೊದಲು ನಕ್ಕೆ. 1934ರಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ಇದೇ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ನಮ್ಮೂರಿಗೆ ಪರದೆಯ ಮೇಲಿನ ಆನೆಯೇ ಸಾಕು. ಆದರೆ ತಮ್ಮ ದುರ್ಯೋಧನನಾಗಿ ಬಂದು ನಿಂತಾಗ ನನ್ನ ನಗು ನಿಂತಿತು. ಗೂಡಿನ ಮಾರುಕಟ್ಟೆಯಲ್ಲಿ ದಲ್ಲಾಳಿಗೆ ಹೆದರಿ ನಿಲ್ಲುವ, ಬ್ಯಾಂಕಿನಲ್ಲಿ ಚೀಟಿ ತುಂಬಲು ನನ್ನನ್ನು ಕಾಯುವ ಹುಡುಗ ಅಲ್ಲಿರಲಿಲ್ಲ. ಸಭೆಯೆಲ್ಲ ಅವನ ಅಡಿಯಲ್ಲಿತ್ತು.

ಸಂಧಾನದ ಸೀನು ಬರುವ ಹೊತ್ತಿಗೆ ಒಂದೂವರೆ. ಅವನು ಹೇಳುತ್ತಾ ಹೇಳುತ್ತಾ ಅದೇ ಜಾಗದಲ್ಲಿ ನಿಂತುಬಿಟ್ಟ. ಹಾರ್ಮೋನಿಯಂ ಮೇಷ್ಟ್ರು ಒಂದು ಸುತ್ತು ನುಡಿಸಿದರು. ಇನ್ನೊಂದು ಸುತ್ತು. ಹಿಂದಿನಿಂದ ಶಿಳ್ಳೆ ಬಂತು. ತಮ್ಮ ಬಲಗಡೆ ನೋಡಿದ, ನಮ್ಮ ಮನೆಯಿರುವ ದಿಕ್ಕಿಗೆ. ಅಲ್ಲಿ ಅವಳು ರಾತ್ರಿಯ ಮೇವು ಹಾಕುತ್ತಿದ್ದಳು. ಕೊನೆಗೆ ಕೃಷ್ಣನೇ ಎರಡು ಮಾತು ಹಾರಿಸಿ ಸೀನು ದಾಟಿಸಿದ. ಪುಣ್ಯಕ್ಕೆ ಕೃಷ್ಣ ಅವನ ಷಡ್ಡಕ.

ತೊಡೆ ಮುರಿದು ಬಿದ್ದ ಮೇಲೆ ಮಾತ್ರ ಚೆನ್ನಾಗಿ ಮಾಡಿದ. ಗಾಂಧಾರಿ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡಿದಾಗ ಚಾಪೆಯ ಮೇಲೆ ಕೂತಿದ್ದ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ.

ಬೆಳಗಿನ ಆರು ಗಂಟೆಗೆ ನಾನೂ ಆ ನಟಿಯೂ ಮನೆಗೆ ಬಂದೆವು. ಹುಳ ಹಣ್ಣಾಗಿತ್ತು. ತಮ್ಮನ ಹೆಂಡತಿ ಪಕ್ಕದ ಮನೆಯ ಹೆಂಗಸರನ್ನು ಕಟ್ಟಿಕೊಂಡು ಹಣ್ಣುಹುಳ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದಳು. ಬಾಗಿಲಲ್ಲಿ ನಮ್ಮ ನೆರಳು ಕಂಡು ಕೇಳಿದ ಮೊದಲ ಮಾತು, “ಎಲ್ಲಿ ನಿಲ್ಲಿಸ್ದ?”

ನಾನು ಹೇಳಿದೆ. “ನಂಗೊತ್ತಿತ್ತು” ಎಂದಳು.

ನಟಿ ಬಚ್ಚಲಿಗೆ ಹೋಗಿ ಬಣ್ಣವನ್ನೆಲ್ಲ ತಿಕ್ಕಿ ತೊಳೆದು ಬಂದಳು. ಒಳಗೆ ಹೋಗಿ ಒಂದು ಚಂದ್ರಿಕೆಯ ಮುಂದೆ ಕೂತು, ಹುಳ ಬಿಡುತ್ತಾ, ತಲೆಯೆತ್ತದೆ, ಸಂಧಾನದ ಸೀನಿನ ಕೃಷ್ಣನ ಮಾತು ಎತ್ತಿದಳು. ತಮ್ಮನ ಹೆಂಡತಿ ಸುಮ್ಮನಿದ್ದಳು. ಪಕ್ಕದ ಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕೆಂದರು. ಆಕೆ ಬಿಡದೆ ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು.

ಆಗ ದುರ್ಯೋಧನನ ಉತ್ತರ ಬಂತು. ಮೊದಲು ಮೆಲ್ಲಗೆ. ಆಮೇಲೆ ಹುಳ ಆರಿಸುತ್ತಿದ್ದ ಕೈ ನಿಲ್ಲದೆಯೇ, ದನಿ ಏರಿ, ತಮ್ಮ ನಿಂತ ಜಾಗವನ್ನು ದಾಟಿ, ಕೊನೆಯವರೆಗೆ. ಒಂದು ಮಾತೂ ತಪ್ಪಲಿಲ್ಲ. ಕಿಸಕ್ಕೆಂದವರು ಬಾಯಿಬಿಟ್ಟು ಕೂತಿದ್ದರು.

ಹೊಸ್ತಿಲಾಚೆ ಸದ್ದಾಯಿತೆಂದು ತಿರುಗಿ ನೋಡಿದೆ. ಒಂದು ಕಡೆ ಮೀಸೆ ಕಿತ್ತು, ಇನ್ನೊಂದು ಕಡೆ ಹಾಗೆಯೇ ಉಳಿದಿದ್ದ ತಮ್ಮ ರಟ್ಟಿನ ಕಿರೀಟ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಯಾವಾಗ ಬಂದನೋ.

“ಅಲ್ಲೇ ನಿಂತ್ಕೊ, ಬಣ್ಣದ್ ವಾಸ್ನೆ” ಎಂದಳು ಅವಳು, ಅವನತ್ತ ನೋಡದೆ. “ಮುಖ ತೊಳ್ಕೊಂಡ್ ಬಾ. ಇನ್ನೂ ಎರಡು ತಟ್ಟೆ ಐತೆ.”