ಜಗಲಿಯ ನೆರಳು

ಮಾಸ್ತಿ ಎಂದೊಡನೆ ಕನ್ನಡಿಗರಿಗೆ ವೆಂಕಟೇಶ ಅಯ್ಯಂಗಾರರ ನೆನಪಾಗುವುದು ಸಹಜ. ಮಾಲೂರು ತಾಲ್ಲೂಕಿನ ಈ ಊರು ಕಲಿಸುವ ಇನ್ನೊಂದು ಪಾಠವುಂಟು, ಅದು ಬಿಸಿಲಿನದು.

ಊರಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ತಿಂಗಳ ಕೊನೆಗೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ. ಆಗ ದಕ್ಷಿಣದ ಕಿಟಕಿಗೆ ಮೊಳದಗಲದ ಸಜ್ಜೆಯೇ ಸಾಕು. ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ ವಾಲುತ್ತಾನೆ. ಚಳಿಯ ದಿನಗಳಲ್ಲಿ ಆ ಬಿಸಿಲು ಒಳಬಂದರೂ ಹಿತವೇ. ಪಡುವಣದ ಸಂಜೆಬಿಸಿಲು ಮಾತ್ರ ಸಜ್ಜೆಯ ಕೆಳಗಿನಿಂದ ನುಸುಳುತ್ತದೆ. ಅದಕ್ಕೆ ತಗ್ಗಿದ ಸೂರು, ಜಗಲಿ, ಹೊಂಗೆಯ ನೆರಳು ಬೇಕು. ಈ ಸೀಮೆಯ ಹಳೆಯ ಹೆಂಚಿನ ಮನೆಗಳು ಇದನ್ನು ಬಲ್ಲವು.

ಬೆಂಗಳೂರಿನಲ್ಲಿ 1868ರಲ್ಲಿ ಮುಗಿದ ಅಠಾರಾ ಕಚೇರಿಯ, ಎಂದರೆ ಇಂದಿನ ಹೈಕೋರ್ಟಿನ, ಕಂಬಸಾಲಿನ ಮೊಗಸಾಲೆ ಆ ಜಗಲಿಗೆ ಅಣ್ಣನಿದ್ದಂತೆ. ಅದೇ ನಗರದ ಹೊಸ ಕಚೇರಿಗಳು ಗಾಜಿನ ಗೋಡೆಯನ್ನು ಮೆಚ್ಚಿವೆ. ಗಾಜು ಬಿಸಿಲನ್ನು ಒಳಕ್ಕೆ ಬಿಡುತ್ತದೆ. ಒಳಗೆ ಕಾದ ನೆಲ, ಮೇಜುಗಳ ಶಾಖವನ್ನು ಸುಲಭವಾಗಿ ಹೊರಬಿಡದು. ಒಳಪರದೆ ಕಣ್ಣಿನ ಕುಕ್ಕನ್ನು ತಪ್ಪಿಸೀತು. ಅದು ಹೀರಿದ ಬಿಸಿ ಕೋಣೆಯಲ್ಲಿಯೇ ಉಳಿಯುವುದು. ಮತ್ತೆ ಹಗಲೆಲ್ಲ ಯಂತ್ರದ ತಂಪು, ವಿದ್ಯುತ್ತಿನ ವೆಚ್ಚ.

ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಮಾಸ್ತಿಯ ಸುತ್ತ ಹೊಸ ಕಟ್ಟಡ ಎಬ್ಬಿಸುವವರು ನಗರವನ್ನು ಅನುಕರಿಸುವ ಮೊದಲು ಅಜ್ಜನ ಜಗಲಿಯಲ್ಲಿ ಅರೆಗಳಿಗೆ ಕುಳಿತು ನೋಡುವುದು ಲೇಸು.