ಮಂಚೂರಿಯಾದ ಎಣ್ಣೆ, ಟೋಕಿಯೋದ ಉತ್ತರ



ಪರಸೇನೆ ಹಿಡಿದ ನಾಡಿನಲ್ಲಿ ಸರ್ಕಾರವೇ ಎಣ್ಣೆ ವ್ಯಾಪಾರವನ್ನು ತನ್ನದಾಗಿಸಿಕೊಂಡರೆ ಅಲ್ಲಿರುವ ವಿದೇಶಿ ಕಂಪನಿಗಳ ಗತಿಯೇನು ಎಂದು ಕೇಳಿದ್ದಿರಿ. ನನಗೆ ಥಟ್ಟನೆ ನೆನಪಾದದ್ದು ಮಂಚೂರಿಯಾ.

1931ರ ಸೆಪ್ಟೆಂಬರಿನಲ್ಲಿ ಜಪಾನಿ ಸೇನೆ ಚೀನಾದ ಈ ಈಶಾನ್ಯ ಭಾಗಕ್ಕೆ ನುಗ್ಗಿತು. ಮರುವರ್ಷ ‘ಮಂಚುಕುವೋ’ ಎಂಬ ಹೊಸ ದೇಶ ಹುಟ್ಟಿದೆಯೆಂದು ಸಾರಲಾಯಿತು. ಅಮೆರಿಕ, ಬ್ರಿಟನ್ ಅದನ್ನು ಮಾನ್ಯ ಮಾಡಲಿಲ್ಲ. ಆದರೂ ಸ್ಟ್ಯಾಂಡರ್ಡ್-ವ್ಯಾಕ್ಯೂಮ್, ಟೆಕ್ಸಾಸ್ ಕಂಪನಿ, ಶೆಲ್ ಬಳಗದ ಏಷ್ಯಾಟಿಕ್ ಪೆಟ್ರೋಲಿಯಂ ಅಲ್ಲಿ ಸೀಮೆಎಣ್ಣೆ, ಪೆಟ್ರೋಲ್ ಮಾರುತ್ತಲೇ ಇದ್ದವು. ವ್ಯಾಪಾರದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆಂದು ಮಂಚುಕುವೋ ಮಾತು ಕೊಟ್ಟಿತ್ತಲ್ಲ!

1934ರ ಫೆಬ್ರವರಿಯಲ್ಲಿ ಮಂಚೂರಿಯಾ ಪೆಟ್ರೋಲಿಯಂ ಕಂಪನಿ ಶುರುವಾಯಿತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಜಪಾನಿನ ಸೌತ್ ಮಂಚೂರಿಯಾ ರೈಲ್ವೆಯದು. ನವೆಂಬರಿನಲ್ಲಿ ಎಣ್ಣೆ ವ್ಯಾಪಾರವನ್ನು ಮಂಚುಕುವೋ ಸರ್ಕಾರಕ್ಕೇ ಮೀಸಲಿಟ್ಟ ಏಕಸ್ವಾಮ್ಯದ ಕಾನೂನು ಹೊರಬಿತ್ತು, 1935ರ ಏಪ್ರಿಲಿನಲ್ಲಿ ಜಾರಿಯಾಯಿತು. ಯಾರ ಗೋದಾಮಿಗೂ ಸಿಪಾಯಿ ಬಂದು ಬೀಗ ಜಡಿಯುವ ಅಗತ್ಯವೇ ಬೀಳಲಿಲ್ಲ. ಕೊಳ್ಳುವವನೂ ಸರ್ಕಾರ, ಹಂಚುವವನೂ ಸರ್ಕಾರ, ದರ ಕಟ್ಟುವವನೂ ಸರ್ಕಾರ ಎಂದಾದ ಮೇಲೆ ಕಂಪನಿಗಳು ಕಟ್ಟಿಸಿದ ಎಣ್ಣೆ ಟ್ಯಾಂಕು, ವರ್ಷಗಟ್ಟಲೆ ಬೆಳೆಸಿದ ಏಜೆಂಟರ ಜಾಲ ಯಾವ ಕೆಲಸಕ್ಕೆ? ಸರ್ಕಾರ ಹೇಳಿದಷ್ಟನ್ನು ಸರ್ಕಾರಕ್ಕೇ ಮಾರಿಕೊಂಡಿರಬೇಕು, ಇಲ್ಲವೇ ಹೊರಡಬೇಕು. ಆ ವರ್ಷವೇ ಅವು ಅಲ್ಲಿನ ವ್ಯಾಪಾರದಿಂದ ಕಾಲ್ತೆಗೆದವು.

ನನ್ನನ್ನು ಹೆಚ್ಚು ಕಾಡುವುದು ದೂರು ಕೊಡಲು ಆ ಕಂಪನಿಗಳ ದೇಶಗಳು ಪಟ್ಟ ಪಾಡು. ಮಂಚುಕುವೋಗೆ ಅಧಿಕೃತವಾಗಿ ಪತ್ರ ಬರೆದರೆ ಅದನ್ನು ದೇಶವೆಂದು ಒಪ್ಪಿದಂತೆ. ಹಾಗಾಗಿ ಅಮೆರಿಕ, ಬ್ರಿಟನ್, ನೆದರ್ಲೆಂಡ್ಸ್ ಮೂರೂ ಚೀನಾದಲ್ಲಿ ವ್ಯಾಪಾರದ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬ 1922ರ ಒಂಬತ್ತು ರಾಷ್ಟ್ರಗಳ ಒಪ್ಪಂದವನ್ನು ನೆನಪಿಸಿ ಟೋಕಿಯೋದ ಬಾಗಿಲು ತಟ್ಟಿದವು. ಮಂಚುಕುವೋ ಸ್ವತಂತ್ರ ದೇಶ, ಅದರ ಕಾನೂನಿಗೆ ನಾವು ಹೊಣೆಯಲ್ಲ ಎಂದು ಟೋಕಿಯೋ ಕೈತೊಳೆದುಕೊಂಡಿತು. ಬಂಡವಾಳ ಹೂಡಿದವರು ಜಪಾನಿಗಳು, ಕಾವಲಿಗೆ ನಿಂತದ್ದು ಜಪಾನಿ ಸೇನೆ, ಹೊಸ ಕಂಪನಿಯ ಸಂಸ್ಕರಣಾಗಾರ ಎದ್ದದ್ದು ಜಪಾನಿನ ಹಿಡಿತದಲ್ಲಿದ್ದ ಡೈರೆನ್ ಬಂದರಿನಲ್ಲಿ. ಆದರೆ ಹೊಣೆ ಮಾತ್ರ ಯಾರದ್ದೂ ಅಲ್ಲ! ಇಂಥ ಆಡಳಿತದ ಅಸಲು ಅನ್ಯಾಯ ಇದೇ ಎಂಬುದು ನನ್ನ ನಂಬಿಕೆ.

ನಮ್ಮಲ್ಲೂ ಎಣ್ಣೆ ಕಂಪನಿಗಳನ್ನು ಸರ್ಕಾರ ವಹಿಸಿಕೊಳ್ಳಲಿಲ್ಲವೇ ಎಂದು ನೀವು ಕೇಳಬಹುದು. ಹೌದು, ಅದೇ ಸ್ಟ್ಯಾಂಡರ್ಡ್-ವ್ಯಾಕ್ಯೂಮ್‌ನ ಇಲ್ಲಿನ ವ್ಯವಹಾರ ಮುಂದೆ ಎಸ್ಸೋ ಆಯಿತು, 1974ರಲ್ಲಿ ಸರ್ಕಾರದ ಕೈಗೆ ಬಂದು ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. ಆದರೆ ಆ ಕಾನೂನು ಮಾಡಿದ್ದು ನಾವು ಆರಿಸಿ ಕಳಿಸಿದ ಸಂಸತ್ತು. ಪ್ರಶ್ನಿಸುವವರಿಗೆ ದೆಹಲಿಯ ವಿಳಾಸ ಗೊತ್ತಿತ್ತು. ಆ ಎಣ್ಣೆ ಕೊಳ್ಳುತ್ತಿದ್ದ ಮಂಚೂರಿಯಾದ ಚೀನೀ ರೈತನಿಗೆ ಅಂಥ ವಿಳಾಸವೇ ಇರಲಿಲ್ಲ.