ಶಿಖರಕ್ಕೆ ಒಂದೇ ಮೈಲಿ

ಬೇಸಿಗೆ ಬಂತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ಮನೆಗಳೇ ಚಕ್ರ ಕಟ್ಟಿಕೊಂಡು ಹೊರಡುತ್ತವೆ. ಅಲ್ಲಿಯ ಜನ ‘ಆರ್.ವಿ.’ ಎಂದು ಚಿಕ್ಕದಾಗಿ ಕರೆಯುವ ಈ ಮನೆಗಾಡಿಯೊಳಗೆ ಮಲಗಲು ಮಂಚ, ಅಡಿಗೆಗೆ ಒಲೆ, ಸ್ನಾನಕ್ಕೆ ನೀರು ಎಲ್ಲವೂ ಉಂಟು. ಹಿಂಬದಿಗೆ ಪುಟ್ಟ ಕಾರೊಂದನ್ನು ಕಟ್ಟಿ ಎಳೆದೊಯ್ಯುವುದೂ ವಾಡಿಕೆ. ಗಜಗಾತ್ರದ ಗಾಡಿ ನುಗ್ಗಲಾರದ ಬೆಟ್ಟದ ದಾರಿಗಳಲ್ಲಿ ಆ ಕಾರೇ ಆಸರೆ.

ತಂದೆ, ತಾಯಿ, ಹದಿನೇಳು ವರ್ಷದ ಮಗಳು, ಹತ್ತು ವರ್ಷದ ಮಗ, ಹೀಗೆ ನಾಲ್ವರ ಸಂಸಾರವೊಂದು ಅಂತಹ ಗಾಡಿಯಲ್ಲಿ ಮೂರು ತಿಂಗಳ ಸಂಚಾರಕ್ಕೆ ಹೊರಟು, ಆಗಸ್ಟ್ ತಿಂಗಳ ಒಂದು ಸಂಜೆ ಕೊಲರಾಡೋ ರಾಜ್ಯದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ ಬೀಡುಬಿಟ್ಟಿತು. 1915ರಲ್ಲಿ ಸ್ಥಾಪಿತವಾದ ಈ ಉದ್ಯಾನದ ಅತ್ಯುನ್ನತ ಶಿಖರ ಲಾಂಗ್ಸ್ ಪೀಕ್. ಎತ್ತರ 14,259 ಅಡಿ. ಯೌವನದಲ್ಲಿ ದೂರದ ಬಯಲಿನಿಂದ ಅದನ್ನು ಕಂಡಿದ್ದ ತಂದೆ, ಒಂದು ದಿನ ಅದರ ನೆತ್ತಿಯ ಮೇಲೆ ನಿಲ್ಲುವೆನೆಂದು ಇಪ್ಪತ್ತು ವರ್ಷಗಳಿಂದ ಮನಸ್ಸಿನಲ್ಲೇ ಹರಕೆ ಹೊತ್ತಿದ್ದ.

ಈ ಗಿರಿಯ ಹತ್ತುವಿಕೆಗೆ ದೀರ್ಘವಾದ ಇತಿಹಾಸವೇ ಇದೆ. 1868ರಲ್ಲಿ ಜಾನ್ ವೆಸ್ಲಿ ಪೊವೆಲ್‌ನ ತಂಡ ಶಿಖರವನ್ನು ಮುಟ್ಟಿತು. ದಾಖಲೆಯಲ್ಲಿರುವ ಮೊದಲ ಆರೋಹಣ ಅದು. 1873ರಲ್ಲಿ ಇಂಗ್ಲೆಂಡಿನ ಪ್ರವಾಸಿ ಇಸಬೆಲ್ಲಾ ಬರ್ಡ್, ಕರಡಿಯ ದಾಳಿಯಲ್ಲಿ ಒಂದು ಕಣ್ಣನ್ನು ಕಳೆದುಕೊಂಡಿದ್ದ ಜಿಮ್ ನ್ಯೂಜೆಂಟ್ ಎಂಬ ಬೇಟೆಗಾರನನ್ನು ಮಾರ್ಗದರ್ಶಿಯಾಗಿ ಕರೆದುಕೊಂಡು ಹತ್ತಿದಳು. ತಂಗಿಗೆ ಬರೆದ ಪತ್ರಗಳಲ್ಲಿ ಆಕೆ ಬಣ್ಣಿಸಿದ ಆ ಸಾಹಸ 1879ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಿತು.

ಲಾಂಗ್ಸ್ ಪೀಕಿನ ನಿಜವಾದ ವೈರಿ ಗಡಿಯಾರ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಇಲ್ಲಿ ಗುಡುಗು ಸಿಡಿಲುಗಳು ಹೇಳಿಕೇಳಿ ಬರುವುದಿಲ್ಲ. ಮರಗಳಿಲ್ಲದ ಎತ್ತರದಲ್ಲಿ ಮನುಷ್ಯನೇ ಎತ್ತರದ ವಸ್ತು. ಸಿಡಿಲಿಗೆ ಅವನೇ ಗುರಿ. ಆದುದರಿಂದ ನಡುಹಗಲಿಗೆ ಮುನ್ನವೇ ಶಿಖರವನ್ನು ಬಿಟ್ಟಿಳಿಯಬೇಕೆಂಬುದು ಬಲ್ಲವರ ನಿಯಮ. ನಾಲ್ವರೂ ಬೆಳಗಿನ ಜಾವ ಮೂರು ಗಂಟೆಗೆ, ಹಣೆಗೆ ದೀಪ ಕಟ್ಟಿಕೊಂಡು, 9,405 ಅಡಿ ಎತ್ತರದ ಕಾಲುದಾರಿಯ ಬಾಗಿಲಿನಿಂದ ನಡೆಯತೊಡಗಿದರು.

ಪೈನ್ ಮರಗಳ ಕಾಡು ಕ್ರಮೇಣ ಕುಳ್ಳಾಗಿ, ಗಾಳಿಗೆ ಬಾಗಿ, ಕಡೆಗೆ ಇಲ್ಲವಾಯಿತು. ಮುಂದೆ ಟಂಡ್ರಾ ಭೂಮಿ. ಅಂಗೈಯಗಲದ ಗಿಡವೊಂದು ಬೆಳೆಯಲು ಇಲ್ಲಿ ಹಲವು ವರ್ಷಗಳು ಬೇಕು. ತುಳಿದರೆ ನೆಲ ಚೇತರಿಸಿಕೊಳ್ಳಲು ತಲೆಮಾರುಗಳೇ ಹಿಡಿಯುತ್ತವೆ. ಕಲ್ಲುಗಳ ಸಂದಿಯಲ್ಲಿ ‘ಪೀಕಾ’ ಎಂಬ, ಮುಷ್ಟಿಗಾತ್ರದ ಮೊಲದ ಕುಲದ ಪ್ರಾಣಿ ಚಳಿಗಾಲಕ್ಕೆಂದು ಹುಲ್ಲನ್ನು ಒಣಹಾಕುತ್ತಿತ್ತು. ಹುಡುಗ ಅದನ್ನು ನೋಡುತ್ತ ಅಲ್ಲೇ ನಿಂತುಬಿಟ್ಟ.

ಸೂರ್ಯೋದಯದ ಹೊತ್ತಿಗೆ ದಾರಿ ಕವಲೊಡೆಯಿತು. ತಾಯಿ ಮಗನನ್ನು ಕರೆದುಕೊಂಡು ಕ್ಯಾಸಮ್ ಸರೋವರದತ್ತ ತಿರುಗಿದಳು. ಅದರ ನೀರಿನ ಮೇಲೆ ನೆಟ್ಟಗೆ ನಿಂತಿರುವ ‘ಡೈಮಂಡ್’ ಎಂಬ ಬಂಡೆಗೋಡೆ ಆಗ ಕೆಂಡದಂತೆ ಹೊಳೆಯುತ್ತಿತ್ತು. ತಂದೆಯೂ ಮಗಳೂ ಶಿಖರದ ದಾರಿ ಹಿಡಿದರು.

ಆರು ಮೈಲಿಯಾಚೆ ಬಂಡೆಗಳ ಬಯಲು. ಮನೆಯಷ್ಟು ದೊಡ್ಡವು, ಮೇಜಿನಷ್ಟು ಚಿಕ್ಕವು, ಲೆಕ್ಕವಿಲ್ಲದ ಕಲ್ಲುಗಳು. ಅವುಗಳ ಮೇಲೆ ಹತ್ತಿ ಹಾರಿ ‘ಕೀಹೋಲ್’ ಮುಟ್ಟಬೇಕು. ಬೆಟ್ಟದ ಏಣಿನಲ್ಲಿ ಬೀಗದ ಕಂಡಿಯಂತೆ ಕಾಣುವ ಈ ಬಿರುಕು ಸುಮಾರು 13,200 ಅಡಿ ಎತ್ತರದಲ್ಲಿದೆ. ಇಲ್ಲಿ ಉಸಿರಿಗೆ ದೊರೆಯುವ ಪ್ರಾಣವಾಯು ಸಮುದ್ರತೀರದ ಐದರಲ್ಲಿ ಮೂರು ಪಾಲು ಮಾತ್ರ. ಇಲ್ಲಿಗೆ ನಡಿಗೆ ಮುಗಿಯಿತು. ಮುಂದಿನದು ಪ್ರಪಾತದ ಅಂಚಿನಲ್ಲಿ ಕೈಕಾಲೂರಿ ಹತ್ತುವ ಕೆಲಸ. ಶಿಖರ ಉಳಿದದ್ದು ಒಂದು ಮೈಲಿ ಚಿಲ್ಲರೆ.

ಇವರು ಕೀಹೋಲ್ ಮುಟ್ಟಿದಾಗ ಒಂಬತ್ತೂವರೆ. ಅದರ ಪಕ್ಕದಲ್ಲಿ ಆಗ ಜೇನುಗೂಡಿನ ಆಕಾರದ ಕಲ್ಲಿನ ಗುಡಿಸಲೊಂದಿತ್ತು. 1925ರ ಜನವರಿಯಲ್ಲಿ ಪೂರ್ವದ ಗೋಡೆಯನ್ನು ಹತ್ತಿ, ಇಳಿಯುವಾಗ ಜಾರಿ, ಚಳಿಗೆ ಸಿಕ್ಕಿ ಮಡಿದ ಆಗ್ನೆಸ್ ವೇಲ್ ಎಂಬ ಧೀರೆಯ ಸ್ಮಾರಕವದು. ಆಕೆಯನ್ನು ಉಳಿಸಲು ಹೊರಟವರಲ್ಲಿಯೂ ಒಬ್ಬ ಪ್ರಾಣ ತೆತ್ತ.

ತಂದೆ ಗುಡಿಸಲಿನ ಮೆಟ್ಟಿಲ ಮೇಲೆ ಕುಳಿತ. ರೊಟ್ಟಿಯನ್ನು ಮುರಿದ, ತಿನ್ನಲಿಲ್ಲ. ಬೂಟಿನ ದಾರ ಕಟ್ಟಲು ಬೆರಳುಗಳು ಎರಡು ಸಲ ತಪ್ಪಿದವು. ಮಗಳು ಅದನ್ನು ಕಂಡಳು. ಕಂಡಿಯಿಂದ ಪಶ್ಚಿಮಕ್ಕೆ ಇಣುಕಿದಳು. ದೂರದ ಶಿಖರಗಳ ಹಿಂದೆ ಹೂಕೋಸಿನಂತಹ ಬಿಳಿಯ ಮೋಡಗಳು ಮೇಲೇಳುತ್ತಿದ್ದವು, ಬುಡ ಮಾತ್ರ ಕಪ್ಪು.

“ತಲೆ ನೋಯುತ್ತಿದೆಯೆ?” ಎಂದಳು.

“ಇಲ್ಲ. ಒಂದೇ ಮೈಲಿಯಲ್ಲವೆ!”

“ಹೋಗಲು ಒಂದು. ಬರಲೂ ಒಂದು.”

ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಬಾಲ್ಯದಲ್ಲಿ ಪ್ರತಿ ಬೆಟ್ಟದಲ್ಲೂ “ಸಾಕು, ಇಳಿಯೋಣ” ಎಂದು ಅವಳ ಕೈಹಿಡಿದು ಇಳಿಸಿದವನು ಅವನೇ. ಈಗ ಅವಳು ಎದ್ದು, ಅವನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಕೈ ಚಾಚಿದಳು. ಅವನು ಒಮ್ಮೆ ಹಿಂದಿರುಗಿ ಕಂಡಿಯತ್ತ ನೋಡಿ, ಆ ಕೈಯನ್ನು ಹಿಡಿದುಕೊಂಡ.

ಕಾಡಿನ ಅಂಚನ್ನು ಸೇರುವ ವೇಳೆಗೆ ಮೊದಲ ಗುಡುಗು ಬೆಟ್ಟವನ್ನು ನಡುಗಿಸಿತು. ಆಲಿಕಲ್ಲು ಸುರಿಯಿತು. ಕೆಳಗೆ ಕಾರಿನಲ್ಲಿ ತಾಯಿ ಬಾಗಿಲು ತೆರೆದು ಕಾಯುತ್ತಿದ್ದಳು. ಯಾರೂ ಶಿಖರದ ಮಾತೆತ್ತಲಿಲ್ಲ. ಪೀಕಾದ ಕಥೆಯೊಂದಿಗೆ ಹುಡುಗನೇ ಮೌನವನ್ನು ಮುರಿದ.

ಮರುದಿನ ಮನೆಗಾಡಿ ಟ್ರೇಲ್ ರಿಡ್ಜ್ ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಟಿತು. 12,183 ಅಡಿಯವರೆಗೆ ಏರುವ ಆ ರಸ್ತೆಯ ಒಂದು ತಿರುವಿನಲ್ಲಿ ಲಾಂಗ್ಸ್ ಪೀಕ್ ತೊಳೆದಿಟ್ಟಂತೆ ಕಾಣಿಸಿತು. ತಂದೆ ಗಾಡಿಯನ್ನು ಬದಿಗೆ ನಿಲ್ಲಿಸಿದ.

“ನಿನ್ನೆ ಬಂಡೆಗಳ ಬಯಲಿನಿಂದಲೇ ತಲೆ ಸಿಡಿಯುತ್ತಿತ್ತು,” ಎಂದ ಹೆಂಡತಿಗೆ.

ಹಿಂದಿನ ಆಸನದಲ್ಲಿ ನಕ್ಷೆ ಬಿಡಿಸಿ ಕುಳಿತಿದ್ದ ಮಗಳು ಕೀಹೋಲಿನವರೆಗೆ ಸೀಸದ ಗೆರೆಯೆಳೆದಳು. ಉಳಿದ ಒಂದು ಮೈಲಿಯನ್ನು ಖಾಲಿಯಾಗಿಯೇ ಬಿಟ್ಟಳು.